ಸೀತೆದಂಡೆಗೆ ಊದಿದ ಸೀಟಿ

1962ರ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಹೊಸನಗರದ ಬಸ್ ನಿಲ್ದಾಣದಲ್ಲಿ, ನನ್ನ ಭಾವ ಅಪರಿಚಿತ ಹೆಂಗಸೊಬ್ಬಳ ತುರುಬಿಗೆ ಸೀಟಿ ಊದಿದರು.

ಹೆಂಗಸಿಗೆ ಊದಿದ್ದಲ್ಲ, ತುರುಬಿಗೆ. ಈ ವ್ಯತ್ಯಾಸವನ್ನು ಮೊದಲೇ ಸ್ಪಷ್ಟಪಡಿಸುವುದು ಕ್ಷೇಮ. ನಾನು ಪಕ್ಕದಲ್ಲೇ ನಿಂತಿದ್ದೆ. ಶಿವಮೊಗ್ಗದ ಪತ್ರಿಕೆಯೊಂದಕ್ಕೆ ಸಾಗರದಿಂದ ಸುದ್ದಿ ಕಳಿಸುವವನಾದ್ದರಿಂದ ಕಂಡದ್ದನ್ನು ಕಂಡಷ್ಟೇ ಹೇಳುವುದು ನನಗೆ ಅಭ್ಯಾಸ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಊದಿದ್ದು ಕಂಡಕ್ಟರ್ ಎಂದು ತಿಳಿದು, ಇಲ್ಲದ ಬಸ್ಸನ್ನು ಏರಲು ಎದ್ದು ನಿಂತರು. ಆ ಹೆಂಗಸು ಮಾತ್ರ ತಿರುಗಿ ನೋಡಿದಳು.

ಭಾವ ಎಂದರೆ ನನ್ನ ಅಕ್ಕನ ಗಂಡ. ತೀರ್ಥಹಳ್ಳಿಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಅವರ ಕೊರಳಿನಲ್ಲಿ ಹಿತ್ತಾಳೆಯ ಸೀಟಿಯೊಂದು ಸದಾ ನೇತಾಡುತ್ತಿರುತ್ತದೆ. ಸ್ನಾನದ ಹೊತ್ತಿನಲ್ಲಿ ತೆಗೆದಿಡುತ್ತಾರೆ ಎಂದು ಅಕ್ಕ ಹೇಳುತ್ತಾಳೆ, ನಾನು ಖಚಿತಪಡಿಸಿಕೊಂಡಿಲ್ಲ. ವರ್ಗವಾಗಿ ಊರು ಬಿಟ್ಟ ಅರಣ್ಯಾಧಿಕಾರಿಯೊಬ್ಬರು ಹೋಗುವಾಗ ತಮ್ಮ ಹಳೆಯ ಬಾಕ್ಸ್ ಕ್ಯಾಮೆರಾವನ್ನು ಇವರಿಗೆ ಕೊಟ್ಟು ಹೋದರು. ಆ ಪುಣ್ಯಾತ್ಮರಿಗೆ ಇದರ ಪರಿಣಾಮ ಏನೆಂದು ತಿಳಿದಿರಲಾರದು. ಅಂದಿನಿಂದ ಶಾಲೆಗೆ ಬೇಸಿಗೆ ರಜೆ ಸಿಕ್ಕಿದ ಮರುದಿನವೇ ಭಾವ ಕ್ಯಾಮೆರಾ ನೇತುಹಾಕಿಕೊಂಡು ಹೊರಡುವರು. ತೀರ್ಥಹಳ್ಳಿಯಿಂದ ಹೊಸನಗರ, ಅಲ್ಲಿಂದ ಸಾಗರ. ಬಸ್ ಇದ್ದರೂ ಅರ್ಧ ದಾರಿ ಕಾಲ್ನಡಿಗೆ. ಬಸ್ಸಿನ ಕಿಟಕಿಯಲ್ಲಿ ಪ್ರಕೃತಿ ಓಡುತ್ತದೆ, ಓಡುವ ಪ್ರಕೃತಿ ತಮಗೆ ಬೇಡ ಎನ್ನುವುದು ಅವರ ವಾದ.

ಅದು ಹೊಟ್ಟೆಗೆ ಒತ್ತಿ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ಇಣುಕಿ ನೋಡುವ ಕ್ಯಾಮೆರಾ. ದೂರದಿಂದ ಕಂಡವರಿಗೆ ಮನುಷ್ಯ ಹೊಟ್ಟೆನೋವಿನಿಂದ ನಿಂತ ಹಾಗೇ ಕಾಣುತ್ತದೆ. ಒಂದು ಹಳ್ಳಿಯಲ್ಲಿ ಯಾರೋ ಮರುಕಪಟ್ಟು ಓಮದ ಕಷಾಯ ಮಾಡಿ ತಂದರು. ಭಾವ ಕುಡಿದು, ಲೋಟ ಹಿಂದಿರುಗಿಸಿ, ಮತ್ತೆ ಬಗ್ಗಿದರು.

ಅವರ ವಿಶೇಷ ಇಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಮೂರು ತಾಲ್ಲೂಕುಗಳಲ್ಲಿ ಕ್ಯಾಮೆರಾ ಇದ್ದವರೇ ಬೆರಳೆಣಿಕೆ. ಅಂಥದ್ದರಲ್ಲಿ ಭಾವ ಮನುಷ್ಯರ ಫೋಟೋ ತೆಗೆಯುವುದಿಲ್ಲ ಎಂದು ವ್ರತ ಹಿಡಿದಿದ್ದರು!

ಆಗ ಫೋಟೋ ಎಂದರೆ ಏನು? ಸ್ಟುಡಿಯೋದ ಕುರ್ಚಿ, ಪಕ್ಕದಲ್ಲಿ ಹೂದಾನಿ, ಹಿಂದೆ ಬಟ್ಟೆಯ ಮೇಲೆ ಬರೆದ ಸರೋವರ, ಉಸಿರು ಬಿಗಿಹಿಡಿದ ಗಂಡ ಹೆಂಡತಿ. ಮರದ ಫೋಟೋ ಯಾರಿಗೆ ಬೇಕು? ಕೋಣಂದೂರಿನ ಆಚೆ ಒಂದು ಮನೆಯ ಮುಂದೆ ಹೂ ಬಿಟ್ಟ ಹೊಂಗೆ ಕಂಡು ಭಾವ ನಿಂತರು. ಕ್ಯಾಮೆರಾ ಕಂಡದ್ದೇ ಮನೆಯವರು ಒಳಗೆ ಓಡಿ, ತಲೆ ಬಾಚಿ, ಪೆಟ್ಟಿಗೆಯಲ್ಲಿದ್ದ ಕೋಟು ಹಾಕಿ, ಮರದ ಮುಂದೆ ಸಾಲಾಗಿ ನಿಂತರು. ಭಾವ ಸೀಟಿ ಊದಿ ಕೈಸನ್ನೆ ಮಾಡಿದರು. "ಎಡಕ್ಕೆ. ಇನ್ನೂ ಎಡಕ್ಕೆ. ಇನ್ನೂ." ಜಗಲಿ ಮುಟ್ಟಿದ ಮೇಲೆ ಆ ಮನೆಯ ಯಜಮಾನರಿಗೆ ವಿಷಯ ಅರ್ಥವಾಯಿತು.

"ಬರೀ ಮರದ್ದು ಎಂತಕ್ಕೆ ತೆಗಿತೀರಿ ಮಾರಾಯ್ರೆ? ಮರ ಎಲ್ಲಿಗೂ ಹೋಗಲ್ಲ. ಹೋಗೋರು ನಾವು."

"ನೀವು ಅಲ್ಲಾಡ್ತೀರಿ," ಎಂದರು ಭಾವ.

"ಮರ ಅಲ್ಲಾಡಲ್ವಾ?"

"ಅದು ಗಾಳಿ ನಿಂತ್ರೆ ನಿಲ್ಲುತ್ತೆ. ನೀವು ಗಾಳಿ ಇಲ್ದೆನೂ ಅಲ್ಲಾಡ್ತೀರಿ."

ಇದು ಅವರ ಸಿದ್ಧಾಂತ. ಇಪ್ಪತ್ತು ವರ್ಷ ಮಕ್ಕಳಿಗೆ 'ಸಾವಧಾನ್' ಹೇಳಿದ ಅನುಭವದಿಂದ ಬಂದದ್ದು. ಮನುಷ್ಯನಾಗಿ ಹುಟ್ಟಿದವನು ಮೂರು ಎಣಿಸುವಷ್ಟು ಹೊತ್ತು ನೆಟ್ಟಗೆ ನಿಲ್ಲಲಾರ ಎಂದು ಅವರು ಮನಗಂಡಿದ್ದರು.

ನೆಂಟರಿಗಾದರೂ ವಿನಾಯಿತಿ ಇತ್ತೇ? ನನ್ನ ಮದುವೆಗೆ ಫೋಟೋದವರನ್ನು ಕರೆಸಲಿಲ್ಲ, ಭಾವ ಇದ್ದಾರಲ್ಲ ಎಂದು. ಚಪ್ಪರದ ಬಾಗಿಲಿಗೆ ಕಟ್ಟಿದ ಗೊನೆಬಾಳೆಯದ್ದೊಂದು ಫೋಟೋ ತೆಗೆದು ಕೊಟ್ಟರು. "ಕಡಿದು ತಂದು ನಿಲ್ಲಿಸಿದ ಬಾಳೆ ಲೆಕ್ಕಪ್ರಕಾರ ಪ್ರಕೃತಿ ಅಲ್ಲ. ನಿನ್ನ ಮದುವೆ ಅಂತ ತೆಗೆದೆ," ಎಂದು ಉಪಕಾರ ಹೊರಿಸಿದರು. ನಮ್ಮ ಮನೆಯಲ್ಲಿ ಮದುವೆಯ ಫೋಟೋ ಎಂದು ಇರುವುದು ಅದೊಂದೇ. "ಬಾಳೆಗಿಡದ ಪಕ್ಕ ನಾವೂ ಇದ್ವಿ ಅಂತ ಮಕ್ಕಳಿಗೆ ಸಾಕ್ಷಿ ನೀವೇ ಹೇಳ್ಬೇಕು," ಎನ್ನುತ್ತಾಳೆ ನನ್ನ ಹೆಂಡತಿ.

ಅಕ್ಕನ ಸ್ಥಿತಿ ಇದಕ್ಕಿಂತ ಕಷ್ಟ. ಅವಳದ್ದು ಒಂದು ಫೋಟೋವೂ ಇಲ್ಲ. ಒಮ್ಮೆ ಭಾವ ಅಂಗಳದ ಮೂಲೆಯ ಹುಲ್ಲಿನ ಮೇಲಿನ ಇಬ್ಬನಿಗೆ ಬಗ್ಗಿದ್ದಾಗ ಹೊಸಿಲಲ್ಲಿ ನಿಂತು ಅಂದಳು: "ನಾನೂ ಹುಲ್ಲಾಗೇ ಹುಟ್ಟಬೇಕಿತ್ತು. ವರ್ಷಕ್ಕೊಂದ್ಸಲ ಆದ್ರೂ ಇವ್ರು ನನ್ನ ಕಡೆ ಬಗ್ಗಿ ನೋಡ್ತಿದ್ರು." ಭಾವ ತಲೆಯೆತ್ತಲಿಲ್ಲ. "ನೆರಳು ಬೀಳುತ್ತೆ, ಸ್ವಲ್ಪ ಸರಿ," ಎಂದರು.

ಈಗ ತುರುಬಿನ ವಿಷಯ.

ಭಾವನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಸೀತೆದಂಡೆಯ ಫೋಟೋ. ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಹಳೆಯ ಮರಗಳ ಕೊಂಬೆಗಳಿಂದ ನರಿಬಾಲದ ಹಾಗೆ ಇಳಿಬೀಳುವ ಹೂಗೊಂಚಲು ಅದು. ಬಿಳಿಯ ಮೇಲೆ ನೇರಳೆ ಚುಕ್ಕೆ. ಕೊಯ್ದರೆ ಕಟ್ಟುವ ಕೆಲಸವಿಲ್ಲ, ದಾರ ಬೇಕಿಲ್ಲ. ಬಗ್ಗಿಸಿ ತುರುಬಿಗೆ ಸುತ್ತಿದರೆ ದಂಡೆಯೇ ಆಯಿತು. ತೊಂದರೆ ಇರುವುದೇ ಅಲ್ಲಿ. ನಮ್ಮ ಸೀಮೆಯಲ್ಲಿ ಸೀತೆದಂಡೆ ಕಂಡೂ ಕೊಯ್ಯದೆ ಹೋದ ಹೆಂಗಸು ಇನ್ನೂ ಹುಟ್ಟಿಲ್ಲ.

ಭಾವನ ಷರತ್ತುಗಳು ಹಲವು. ಹೂ ಮರದಲ್ಲೇ ಇರಬೇಕು. ಪೂರ್ತಿ ಅರಳಿರಬೇಕು. ಕೈಗೆಟಕುವ ಎತ್ತರದಲ್ಲಿರಬೇಕು, ಅದಕ್ಕಿಂತ ಮೇಲಿದ್ದರೆ ಆ ಕ್ಯಾಮೆರಾಕ್ಕೆ ಕಾಣದು. ಗಾಳಿ ಇರಬಾರದು. ಈ ಭಾನುವಾರ ಮೊಗ್ಗು ನೋಡಿಟ್ಟು ಮುಂದಿನ ಭಾನುವಾರ ಹೋದರೆ ಅಲ್ಲಿ ಬರಿಯ ದಂಟು. ಕೈಗೆಟಕುವ ಎತ್ತರ ಎಂದರೆ ಕೊಯ್ಯುವವರಿಗೂ ಅದೇ ಎತ್ತರವಲ್ಲವೇ? ಇವರ ಹೂವು ಅಷ್ಟರಲ್ಲಿ ಯಾವುದೋ ಮದುವೆಮನೆಯಲ್ಲಿ ಓಡಾಡುತ್ತಿರುತ್ತಿತ್ತು.

ಬಸ್ ನಿಲ್ದಾಣದಲ್ಲಿ ಕಂಡದ್ದೂ ಹಾಗೇ ಓಡಾಡುತ್ತಿದ್ದ ಒಂದು ದಂಡೆ. ಹೆಂಗಸು ತಿರುಗಿದಳು.

"ಇದು ಎಲ್ಲಿ ಕೊಯ್ದಿದ್ದು?" ಭಾವನದು ಶಾಲೆಯ ಧ್ವನಿ.

"ಮರದಲ್ಲಿ."

"ಯಾವ ಮರದಲ್ಲಿ?"

ಆಕೆ ಭಾವನನ್ನೂ ಸೀಟಿಯನ್ನೂ ನೋಡಿದಳು. ನಂತರ ನಿಧಾನವಾಗಿ ಹೇರ್‌ಪಿನ್ ತೆಗೆದು, ದಂಡೆಯನ್ನು ನಡುವೆ ಮುರಿದು, ಅರ್ಧವನ್ನು ಅವರ ಕೈಗಿಟ್ಟಳು. "ತಗಳಿ. ಮನೆಯವ್ರಿಗೆ ಮುಡಿಸಿ. ಅದಕ್ಕೆ ಪೇಟೆ ನಡುವೆ ಪೀಪಿ ಊದ್ಬೇಕಾ?"

ಅರ್ಧ ದಂಡೆ ತೀರ್ಥಹಳ್ಳಿ ಸೇರಿತು. ಗಂಡ ಮೊದಲ ಸಲ ಹೂ ತಂದರು ಎಂದು ಅಕ್ಕ ಅದನ್ನು ಬಾಡಿದ ಮೇಲೂ ಮುಡಿದಳು. ನಿಜಸಂಗತಿಯನ್ನು ಭಾವ ಹೇಳಲಿಲ್ಲ, ನಾನೂ ಪ್ರಕಟಿಸಲಿಲ್ಲ.

ಮರುವರ್ಷವೂ ಬರಿಯ ದಂಟುಗಳೇ ಸಿಕ್ಕವು. ಭಾವ ಸೋಲೊಪ್ಪಲಿಲ್ಲ. 1964ರ ಬೇಸಿಗೆಗೆ ಅವರ ಲಕ್ಷ್ಯವೆಲ್ಲ ಒಂದೇ ಮರದ ಮೇಲೆ ನಿಂತಿತು. ಅದು ಅಕ್ಕನ ತವರೂರಿನ, ಎಂದರೆ ನನ್ನ ಊರಿನ, ಹೊಳೆದಡದ ಹಲಸಿನ ಮರ. ಶರಾವತಿಯ ಆಚೆ ದಡದಲ್ಲಿ, ದೋಣಿ ಹತ್ತುವ ಕಡವಿನ ಪಕ್ಕದಲ್ಲೇ ಇತ್ತು. ಅದರ ತಗ್ಗಿನ ಕೊಂಬೆಯಲ್ಲಿ ನಾವು ಚಿಕ್ಕವರಿದ್ದಾಗಿನಿಂದ ಸೀತೆದಂಡೆ ಬಿಡುತ್ತಿತ್ತು. ಹೊಳೆಯ ಕೆಳಭಾಗದಲ್ಲಿ ಅಣೆಕಟ್ಟು ಏಳುತ್ತಿತ್ತು. ಮಳೆ ಹಿಡಿದರೆ ಊರಿಗೆ ನೀರು ಬರುತ್ತದೆ ಎಂದು ಎಲ್ಲರಿಗೂ ತಿಳಿದಿತ್ತು. ನಮ್ಮ ಮನೆಯವರು ಹಿಂದಿನ ವರ್ಷವೇ ಸಾಗರದ ಸಮೀಪ ಬಂದು ನೆಲೆಸಿದ್ದರು. ಆ ಹೂವನ್ನು ಆ ಮರದಲ್ಲಿ ಹಿಡಿಯಲು ಇದ್ದದ್ದು ಆ ಬೇಸಿಗೆ ಒಂದೇ.

ಮೇ ತಿಂಗಳಲ್ಲಿ ಭಾವ, ನಾನು ಹೋಗಿ ನೋಡಿದೆವು. ಒಂದೇ ಒಂದು ಗೊಂಚಲು, ಇನ್ನೂ ಮೊಗ್ಗು. ಭಾವ ದೂರ ಅಳೆಯಲು ಹೆಜ್ಜೆ ಹಾಕುತ್ತಿದ್ದಾಗ ದ್ಯಾವಮ್ಮ ಬಂದಳು. ಆ ದಡದಲ್ಲಿ ಉಳಿದಿದ್ದ ಒಂದೆರಡು ಒಕ್ಕಲುಗಳಲ್ಲಿ ಅವಳ ಮನೆಯೂ ಒಂದು. ಖಾಕಿ ಚಡ್ಡಿ, ಸೀಟಿ, ಪೆಟ್ಟಿಗೆ, ಮರದ ಮುಂದೆ ಹೆಜ್ಜೆಯ ಅಳತೆ. ಪರಿಹಾರಕ್ಕೆ ಮರಗಳ ಸರ್ವೆ ಮಾಡುವ ಸಾಹೇಬರೇ ಎಂದು ಅವಳು ತಿಳಿದದ್ದರಲ್ಲಿ ತಪ್ಪಿಲ್ಲ.

"ಬಂದ್ರಾ ಅಯ್ಯಾ? ಹಲಸಿನ ಮರ ಬರ್ಕಂಡ್ರಾ? ಹಿತ್ತಲಾಗೆ ಎರಡು ಮಾವು ಐತೆ, ಅದನ್ನೂ ಪೆಟ್ಟಿಗೆಗೆ ಹಾಕ್ಕಳಿ."

"ನಾನು ಹೂವಿಗೆ ಬಂದೋನು," ಎಂದರು ಭಾವ.

"ಹೂವಿಗೂ ಪರಿಹಾರ ಕೊಡ್ತಾರಾ?"

ನಾನು ವಿಷಯ ಬಿಡಿಸಿ ಹೇಳಿದೆ. ಬಹಳ ಹೊತ್ತು ನಕ್ಕಳು. ಮುಂದಿನ ಭಾನುವಾರದವರೆಗೆ ಯಾರೂ ಕೊಯ್ಯದಂತೆ ಕಾಯುತ್ತೇನೆ ಎಂದು ಮಾತು ಕೊಟ್ಟಳು.

ಆ ಭಾನುವಾರ ಅಕ್ಕನೂ ಹೊರಟಳು. "ನೀ ಯಾಕೆ, ಬಿಸಿಲು," ಎಂದರು ಭಾವ. "ಮರ ನಂದು," ಎಂದಳು.

ದ್ಯಾವಮ್ಮ ಮಾತು ಉಳಿಸಿಕೊಂಡಿದ್ದಳು, ಅಗತ್ಯಕ್ಕಿಂತ ಹೆಚ್ಚಾಗಿಯೇ. ಗೊಂಚಲು ಪೂರ್ತಿ ಅರಳಿತ್ತು. ಸುತ್ತ ಮುಳ್ಳಿನ ಬೇಲಿ ಇತ್ತು. ಹೂವಿನ ಪಕ್ಕದಲ್ಲೇ ಸುಣ್ಣದ ಕಣ್ಣು, ಮಸಿಯ ಮೀಸೆ ಬರೆದ ಮಡಕೆಯ ಬೆರ್ಚಪ್ಪ ನೇತಾಡುತ್ತಿತ್ತು. "ಒಂದು ಹುಡುಗಿನೂ ಹತ್ರ ಸುಳೀಲಿಲ್ಲ ಕಣ್ರಾ," ಎಂದಳು ಹೆಮ್ಮೆಯಿಂದ. ಬೆರ್ಚಪ್ಪನನ್ನು ಇಳಿಸಿ, ಮುಳ್ಳು ಸರಿಸಿ, ಭಾವ ಕ್ಯಾಮೆರಾ ಹೊಟ್ಟೆಗಿಟ್ಟು ಬಗ್ಗಿದರು.

ಅದೇ ಹೊತ್ತಿಗೆ ಹೊಳೆಯ ಕಡೆಯಿಂದ ಗಾಳಿ ಎದ್ದಿತು.

ಗೊಂಚಲು ಹಸುವಿನ ಬಾಲದಂತೆ ಬೀಸತೊಡಗಿತು. ಭಾವ ಕಾದರು. ನಾವು ಹಿಂದೆ ನೆಲದ ಮೇಲೆ ಕೂತೆವು, ಮಾತಾಡಬಾರದೆಂಬ ಆಜ್ಞೆಯೊಂದಿಗೆ. ಗಾಳಿ ನಿಂತಂತೆ ಮಾಡುವುದು, ಭಾವ ಉಸಿರು ಹಿಡಿಯುವುದು, ಗಾಳಿ ಮತ್ತೆ ಬರುವುದು. ಒಮ್ಮೆ ತಾಳ್ಮೆಗೆಟ್ಟು ಗಾಳಿಗೇ ಸೀಟಿ ಊದಿದರು. ದೂರದಲ್ಲಿ ಮೇಯುತ್ತಿದ್ದ ದ್ಯಾವಮ್ಮನ ಎಮ್ಮೆ ಮಾತ್ರ ನಿಂತಿತು. ಬಿಸಿಲು ನೆತ್ತಿಗೆ ಬಂದು, ಪಡುವಣಕ್ಕೂ ಇಳಿಯಿತು. ರೋಲಿನಲ್ಲಿ ಉಳಿದದ್ದು ಎರಡೇ ಫೋಟೋ. ಅಲ್ಲಾಡುವ ಹೂವಿಗೆ ಅವನ್ನು ಕಳೆಯಲು ಅವರು ಒಪ್ಪಲಿಲ್ಲ. ಕಡವಿನಿಂದ ದೋಣಿಯವನ ಕೂಗು ಕೇಳಿತು.

"ಮೇಷ್ಟ್ರೇ, ಇವತ್ತಿಗೆ ಇದೇ ಕೊನೇದು. ಬರ್ತೀರಾ, ಇಲ್ಲಿದ್ದು ಮುಳುಗ್ತೀರಾ?"

ಭಾವ ತಲೆಯೆತ್ತಲಿಲ್ಲ. ಮೂರು ಬೇಸಿಗೆಯ ಬೆವರು ಮೂಗಿನ ತುದಿಯಿಂದ ಕ್ಯಾಮೆರಾದ ಗಾಜಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಅಕ್ಕ ಎದ್ದಳು. ಸೀದಾ ಮರದ ಬಳಿ ಹೋಗಿ, ಕೊಂಬೆ ಬಗ್ಗಿಸಿ, ಗೊಂಚಲನ್ನು ಬುಡದಲ್ಲಿ ಚಿವುಟಿ ಕೊಯ್ದಳು.

ಭಾವನ ಕೈ ಸೀಟಿಗೆ ಹೋಯಿತು, ಬಾಯಿಯವರೆಗೆ ಬರಲಿಲ್ಲ.

"ನೀರು ಬಂದ್ಮೇಲೆ ಇದನ್ನ ಮೀನಿಗೆ ಮುಡಿಸೋದಾ?" ಎಂದಳು ಅಕ್ಕ. ದಂಡೆಯನ್ನು ತುರುಬಿಗೆ ಸುತ್ತಿ ಪಿನ್ ಸಿಕ್ಕಿಸಿದಳು. "ಮರದಲ್ಲಿದ್ರೆ ಅಲ್ಲಾಡುತ್ತೆ. ಇಲ್ಲಿದ್ರೆ ಅಲ್ಲಾಡಲ್ಲ. ತೆಗೀರಿ."

"ನೀನು ಅಲ್ಲಾಡ್ತೀಯ."

"ಡ್ರಿಲ್ ಮೇಷ್ಟ್ರ ಹೆಂಡ್ತಿ ನಾನು. ತೆಗೀರಿ."

ಅವಳು ನಮಗೆ ಬೆನ್ನು ಹಾಕಿ, ಹಲಸಿನ ಬೊಡ್ಡೆಗೆ ಮುಖ ಮಾಡಿ, ಹಿಮ್ಮಡಿ ಜೋಡಿಸಿ, ಕೈ ಪಕ್ಕಕ್ಕಿಟ್ಟು ನಿಂತಳು. ಗಾಳಿಗೆ ಸೆರಗು ಹಾರಿತು, ಅವಳು ಅಲ್ಲಾಡಲಿಲ್ಲ. ದೋಣಿಯವನು ಮತ್ತೆ ಕೂಗಿದ, ಅವಳು ಅಲ್ಲಾಡಲಿಲ್ಲ. ಕ್ಯಾಮೆರಾ 'ಟಿಕ್' ಎಂದಿತು.

"ಆಯ್ತಾ?" ಎಂದಳು, ಮರಕ್ಕೇ ಕೇಳುವಂತೆ.

"ಆಯ್ತು." ಭಾವ ರೋಲನ್ನು ತಿರುಗಿಸಿದರು. ಮತ್ತೆ ಬಗ್ಗಿದರು. "ಈಗ ಈ ಕಡೆ ತಿರುಗು."

"ತಿರುಗಿದ್ರೆ ಹೂ ಕಾಣಲ್ಲ."

"ಗೊತ್ತು."

ಅಕ್ಕ ತಿರುಗಿದಳು.

ಆ ವರ್ಷ ಮಳೆ ಹಿಡಿದ ಮೇಲೆ ನೀರು ಬಂತು, ಹಲಸಿನ ಮರ ಹೋಯಿತು. ದ್ಯಾವಮ್ಮನ ಮನೆಯವರು ಸಾಗರದ ಈಚೆ ಬಂದಿದ್ದಾರೆ. ಭಾವ ಈಗಲೂ ರಜೆಯಲ್ಲಿ ನಡೆಯುತ್ತಾರೆ, ಮರಗಳ ಫೋಟೋವನ್ನೇ ತೆಗೆಯುತ್ತಾರೆ. ಆ ದಿನದ ಎರಡೂ ಫೋಟೋಗಳನ್ನು ನಾನು ನೋಡಿದ್ದೇನೆ. ಮೊದಲನೆಯದರಲ್ಲಿ ದಂಡೆಯ ಸುತ್ತು, ಹಲಸಿನ ತೊಗಟೆ ಎಲ್ಲವೂ ಸ್ಪಷ್ಟವಾಗಿವೆ. ಎರಡನೆಯದರಲ್ಲಿ ಅಕ್ಕನ ಮುಖ ಅಲ್ಲಾಡಿ ಮಸುಕಾಗಿದೆ. ಹಿಂದಿರುವ ಹಲಸಿನ ಬೊಡ್ಡೆಯೂ ಅಷ್ಟೇ ಅಲ್ಲಾಡಿದೆ. ಆ ಬೊಡ್ಡೆ ಗಾಳಿಗೆ ಅಲ್ಲಾಡುವಂಥದ್ದಲ್ಲ.

ಕಳೆದ ತಿಂಗಳು ತೀರ್ಥಹಳ್ಳಿಗೆ ಹೋಗಿದ್ದೆ. ನಡುಮನೆಯ ಗೋಡೆಯ ಮೇಲೆ ಕಟ್ಟುಹಾಕಿಸಿ ತೂಗುಹಾಕಿರುವುದು ಎರಡನೆಯದನ್ನು.