ಕರೆಂಟು ತೆಗೆದು ಫೋಟೊ ತೆಗೆಯುವ ಮಾವ

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ಆ ಮನೆಯ ಕರೆಂಟು ತೆಗೆಯುತ್ತಾರೆ. ಮೂವತ್ತೈದು ವರ್ಷ ಲೈನ್‌ಮನ್ ಆಗಿ ಸಿರುಗುಪ್ಪ ಸೀಮೆಯ ಕಂಬ ಕಂಬ ಹತ್ತಿ ಬೆಳಕು ಹಂಚಿದ ಮನುಷ್ಯ, ನಿವೃತ್ತರಾದ ಮೇಲೆ ಅದನ್ನೆಲ್ಲ ಮನೆಮನೆಯಿಂದ ವಾಪಸು ಪಡೆಯುತ್ತಿದ್ದಾರೆಯೇ? ಹಾಗೇನಿಲ್ಲ. ಅವರು ಮಿರರ್‌ಲೆಸ್ ಕ್ಯಾಮೆರಾ ಕೊಂಡಿದ್ದಾರೆ, ಅಷ್ಟೆ.

ಫ್ಲ್ಯಾಶ್ ಅವರಿಗೆ ವರ್ಜ್ಯ. ಮನೆಯೊಳಗಿನ ಫೋಟೊಕ್ಕೆ ಕಿಟಕಿಯ ಬೆಳಕೊಂದೇ ಸಾಕು ಎನ್ನುವುದು ಅವರ ಸಿದ್ಧಾಂತ. ಅದಕ್ಕೆ ಬಲ್ಬಿನ ಬೆಳಕು ಬೆರೆತರೆ ಮನುಷ್ಯನ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ ಆಗುತ್ತದಂತೆ. ಹಾಗಾದರೆ ಬಲ್ಬು ಆರಿಸಿದರೆ ಸಾಲದೇ ಎಂದು ನಾನೊಮ್ಮೆ ಕೇಳಿದೆ. ಯಾರಾದರೂ ಮರೆತು ಮತ್ತೆ ಹಾಕುತ್ತಾರೆ, ಮೇನ್ ಸ್ವಿಚ್ಚೇ ಕ್ಷೇಮ ಎಂದರು. ಸರ್ವಿಸಿನ ಅನುಭವ!

ಬಳ್ಳಾರಿ ಗಾಂಧಿನಗರದ ತಮ್ಮ ಮನೆಯಲ್ಲಿ ಅವರ ಅಭ್ಯಾಸಕ್ಕೆ ಸಿಕ್ಕಿದವರು ಅತ್ತೆ. ಬೆಳಿಗ್ಗೆ ಅಕ್ಕಿ ಆರಿಸಲು ಕೂತರೆ ಸಾಕು, ಮೊರದ ಸಮೇತ ಅವರನ್ನು ಕಿಟಕಿಯ ಬದಿಗೆ ಎಳೆದು, ಕ್ಯಾಮೆರಾಕ್ಕೆ ಹತ್ತಿರದ ಕಣ್ಣಿಗೇ ಫೋಕಸ್ ಕೂರಬೇಕೆಂದು ಹತ್ತಾರು ಸಲ ಒತ್ತುತ್ತಿದ್ದರು. ಕಣ್ಣು ನಿಚ್ಚಳವಾದರೆ ಮುಖವೆಲ್ಲ ನಿಚ್ಚಳವಂತೆ. ಅತ್ತೆ ನನ್ನ ಹತ್ತಿರ ಹೇಳಿಕೊಂಡರು: "ಮದುವ್ಯಾಗಿ ಇಷ್ಟು ವರ್ಷಾತು, ನನ್ನ ಮುಖ ಸರಿಯಾಗಿ ನೋಡಿದ್ದಿಲ್ಲ. ಈಗರ ನೋಡ್ತಾರ ಅಂದ್ರ, ಬರೇ ಎಡಗಣ್ಣು ನೋಡ್ತಾರ."

ಮನೆಯಲ್ಲಿ ಪಳಗಿದ ಧೈರ್ಯದಿಂದ ಮಾವ ಕುರುಗೋಡಿನಲ್ಲಿ ನಮ್ಮ ಅಕ್ಕನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಬಂದರು. ಬಂದವರೇ ಮೇನ್ ಸ್ವಿಚ್ ಕೆಳಗಿಳಿಸಿದರು. ಬಳ್ಳಾರಿ ಸೀಮೆಯ ಬೇಸಿಗೆ, ಫ್ಯಾನು ನಿಂತಿತು. ಮನೆ ತುಂಬಿದ ಹೆಂಗಸರು ಸೆರಗಿನಿಂದ ಗಾಳಿ ಬೀಸಿಕೊಳ್ಳತೊಡಗಿದರು. ಒಳಗೆ ಮಿಕ್ಸಿಯ ಚಟ್ನಿ ಅರ್ಧಕ್ಕೇ ನಿಂತು, ಅಡಿಗೆಯವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮಾವ ವಿಚಲಿತರಾಗಲಿಲ್ಲ. ಕಿಟಕಿಯ ಬಿಸಿಲು ಖಾರವಾಗಿದೆ ಎಂದು, ಭಾವನಿಗೆ ಉಡುಗೊರೆ ಬಂದಿದ್ದ ಹೊಸ ಬಿಳಿ ಪಂಚೆಯನ್ನು ತಟ್ಟೆಯಿಂದಲೇ ಎತ್ತಿ ಸರಳಿಗೆ ಕಟ್ಟಿದರು. ಬೆಳಕು ಮೆತ್ತಗಾಯಿತು, ಅದು ನಿಜ. ಅರ್ಧ ಗಂಟೆ ಎಲ್ಲರೂ ಬೆವರಿದೆವು.

ಫೋಟೊ ನೋಡಿದರೆ ತೊಟ್ಟಿಲಿನ ಕೆತ್ತನೆಯ ಒಂದೊಂದು ಗೆರೆಯೂ ಎಣಿಸುವಂತಿತ್ತು. ಒಳಗಿನ ಮಗು ಮಾತ್ರ ಹೊಗೆ! ಅದು ಕೈಕಾಲು ಬಡಿಯುತ್ತಿತ್ತು, ಮಾವನ ಶಟರ್ ನಿಧಾನವಾಗಿತ್ತು. ಅಕ್ಕ ಸಿಟ್ಟು ಮಾಡಲಿಲ್ಲ. "ಮಾವ, ತೊಟ್ಲ ಭಾಳ ಚಂದ ಬಂದೈತಿ. ಹೆಸರು ಅದಕ್ಕ ಇಟ್ಟಂಗಾತು," ಎಂದಳು.

ಮಾವನಿಗೆ ಆ ಮಾತು ನಾಟಿತು. ಎಂಟು ದಿನ ಮನೆಯಲ್ಲಿ ತಿರುಗುವ ಫ್ಯಾನಿನದೇ ಫೋಟೊ ತೆಗೆದರು. ಅತ್ತೆಗೆ ಅಷ್ಟು ದಿನವಾದರೂ ಗಾಳಿ ಸಿಕ್ಕಿತು! ಒಂಬತ್ತನೆಯ ದಿನ ರೆಕ್ಕೆಗಳು ನಿಂತಂತೆ ಕಾಣುವ ಫೋಟೊ ತೋರಿಸಲು ನನ್ನನ್ನು ಕರೆಸಿದರು. ಶಟರಿನ ವೇಗ ಏರಿಸಬೇಕು, ಆಗ ಬೆಳಕು ಸಾಲದು, ಅದಕ್ಕೆ ಕ್ಯಾಮೆರಾ ಬೆಳಕು ಹಿಡಿಯುವ ಚುರುಕು, ಅಂದರೆ ಐಎಸ್‌ಓ, ಧೈರ್ಯವಾಗಿ ಹೆಚ್ಚಿಸಬೇಕು, ಚಿತ್ರ ಸ್ವಲ್ಪ ತರಿತರಿಯಾದರೂ ಪರವಾಗಿಲ್ಲ, ಅಲುಗಬಾರದು ಎಂದು ಪಾಠ ಹೇಳಿದರು.

ಹೋದ ತಿಂಗಳು ಅವರ ಜೊತೆ ಕೌಲ್ ಬಜಾರಿಗೆ ಹೋಗಿದ್ದೆ. ಮಾವನ ಖಾಕಿ ಅಂಗಿಗಳನ್ನು ಕೆಲಸಕ್ಕೆ ಸೇರಿದ ದಿನದಿಂದ ಹೊಲಿದುಕೊಟ್ಟ ವಯಸ್ಸಾದ ದರ್ಜಿಯೊಬ್ಬರು ಅಲ್ಲಿದ್ದಾರೆ, ನಾವೆಲ್ಲ ಚಾಚಾ ಎನ್ನುತ್ತೇವೆ. ಎರಡು ವರ್ಷದಿಂದ ಅವರಿಗೆ ಕೈನಡುಕ. ಅಂಗಡಿ ಬಿಟ್ಟುಕೊಡುತ್ತಿದ್ದರು. ಅದಕ್ಕೂ ಮೊದಲು ಅಪ್ಪನದೊಂದು ಫೋಟೊ ಬೇಕೆಂದು ಮಗಳು ಮಾವನನ್ನು ಕರೆದಿದ್ದಳು. ಚಾಚಾ ಮಷಿನ್ನಿನ ಮುಂದೆ ಕೂತರು. ಕೈ ಎರಡನ್ನೂ ಒಂದು ಬಟ್ಟೆಯ ಕೆಳಗೆ ಬಚ್ಚಿಟ್ಟುಕೊಂಡಿದ್ದರು.

"ಮುಖ ಅಷ್ಟ ತಗೀರಿ ಸಾಹೇಬ್ರ. ಕೈ ಬ್ಯಾಡ," ಎಂದರು.

ಮಾವ ಬಾಗಿಲು ಪೂರ್ತಿ ತೆರೆದು, ಬೀದಿಯ ಬೆಳಕು ಮಷಿನ್ನಿನ ಮೇಲೆ ಬೀಳುವಂತೆ ಮಾಡಿದರು. ಕ್ಯಾಮೆರಾದಲ್ಲಿ ಏನೋ ತಿರುಗಿಸಿ, ಒಂದೇ ಒಂದು ಸಲ ಕತ್ತರಿ ಹಿಡಿಯಿರಿ ಎಂದು ಕೇಳಿಕೊಂಡರು. ಚಾಚಾ ಕೊನೆಗೆ ಬಲಗೈ ಮಾತ್ರ ಹೊರಗೆ ತಂದು ಕತ್ತರಿ ಹಿಡಿದರು. ಕತ್ತರಿ ಮೇಜಿಗೆ ತಾಗಿ ಟಕಟಕ ಸದ್ದಾಯಿತು. ಮಗಳು ಬೀದಿಯ ಕಡೆಗೆ ತಿರುಗಿದಳು. ಮಾವ ಬಾಗಿಲಿನ ಚೌಕಟ್ಟಿಗೆ ಮೊಣಕೈ ಆನಿಸಿ, ಉಸಿರು ಹಿಡಿದು, ಒತ್ತಿದರು.

ಚಿತ್ರ ತರಿತರಿಯಾಗಿಯೇ ಬಂದಿತ್ತು. ಆದರೆ ಕತ್ತರಿ ಹಿಡಿದ ಕೈ ನಿಂತಿತ್ತು, ಉಬ್ಬಿದ ನರ, ಹೆಬ್ಬೆರಳಿನ ಜಡ್ಡು, ಎಲ್ಲವೂ ಕಾಣುವಂತೆ. ಚಾಚಾ ನೋಡಲು ಕ್ಯಾಮೆರಾ ಇಸಿದುಕೊಂಡರು. ಅವರ ಕೈಯಲ್ಲಿ ಅದು ನಡುಗಿತು, ಮಗಳು ಬಂದು ಕೆಳಗಿನಿಂದ ಆಸರೆ ಕೊಟ್ಟಳು. ಇಬ್ಬರೂ ತಲೆ ಬಗ್ಗಿಸಿ ನೋಡುತ್ತಲೇ ಇದ್ದರು.

ಆಮೇಲೆ ಚಾಚಾ ಮಡಿಲ ಮೇಲಿನ ಬಟ್ಟೆಯನ್ನು ಮಡಿಚಿ ಪಕ್ಕಕ್ಕಿಟ್ಟರು.

"ಇನ್ನೊಂದು ತಗೀರಿ," ಎಂದರು. "ಈ ಸರ್ತಿ ಎರಡೂ ಕೈ ಬರ್ಲಿ."