ಭಾವುಸಾಹೇಬರ ಒಪ್ಪಿಗೆ

ತಾಪತ್ರಯಕ್ಕೆಲ್ಲ ಕಾರಣ ಒಂದು ಖಾಲಿ ಚೌಕ. ಜಯಪಾಲ ಅಣ್ಣಾ ಅವರ ಫೋಟೋದ ಕೆಳಗೆ ಬೆರಳಗಲದ ಬಿಳಿ ಚೌಕ, ಅದರೊಳಗೆ ತಿಳಿ ಅಕ್ಷರದಲ್ಲಿ ‘ಇಲ್ಲಿ ಬರೆಯಿರಿ’ ಎಂಬ ಸೂಚನೆ. ತೀರಿಕೊಂಡವರ ಫೋಟೋದ ಕೆಳಗೆ ಬರೆಯಲು ಜಾಗ ಕಂಡರೆ ಕೊಲ್ಲಾಪುರದಿಂದ ಗಡಹಿಂಗ್ಲಜದವರೆಗಿನ ಜನ ಏನು ಬರೆಯುತ್ತಾರೆ ಎಂಬುದು ಹರ್ಷದನಿಗೆ ಗೊತ್ತಿರಬೇಕಿತ್ತು. ಅವನೂ ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವನು.

ಹರ್ಷದನದು ಇಚಲಕರಂಜಿಯಲ್ಲಿ ಒಂದು ಪುಟ್ಟ ಅಂಗಡಿ. ಸಂಘಗಳ ವಾರ್ಷಿಕ ಸಭೆ, ಬಟ್ಟೆ ವ್ಯಾಪಾರಿಗಳ ಮೇಳ, ಇಂಥದಕ್ಕೆಲ್ಲ ಪರದೆಯ ಮೇಲೆ ತೋರಿಸುವ ಪ್ರೆಸೆಂಟೇಶನ್ ಮಾಡಿಕೊಡುವುದು ಅವನ ಕಸುಬು. ಮೊದಲೆಲ್ಲ ಗಿರಾಕಿಗಳು ಅವನ ಕುರ್ಚಿಯ ಹಿಂದೆ ಗುಂಪುಗೂಡಿ, ಭಜಿ ತಿಂದ ಬೆರಳನ್ನು ಪರದೆಗೆ ಒತ್ತಿ, ‘ಇದನ್ನ ಅತ್ತಾಗ ಸರಸು, ಅದನ್ನ ಇತ್ತಾಗ ತಗೋ’ ಎಂದು ಜೀವ ತಿನ್ನುತ್ತಿದ್ದರು. ಆ ಕಾಟ ತಪ್ಪಲೆಂದೇ ಅವನು ಆನ್‌ಲೈನ್ ಪ್ರೂಫಿಂಗ್ ಸಾಫ್ಟ್‌ವೇರ್ ತೆಗೆದುಕೊಂಡಿದ್ದ. ಲಿಂಕ್ ಕಳಿಸಿದರೆ ಸಾಕು. ಗಿರಾಕಿ ತನ್ನ ಫೋನಿನಲ್ಲೇ ಸ್ಲೈಡುಗಳನ್ನು ನೋಡಿ, ಒಳಗಿನ ವಿಡಿಯೋ ಓಡಿಸಿ, ತಪ್ಪಿದ್ದಲ್ಲಿ ಬೆರಳಿಟ್ಟು ಚೌಕದಲ್ಲಿ ಬರೆಯುತ್ತಾನೆ. ಅಲ್ಲೊಂದು ಕೆಂಪು ಚುಕ್ಕೆ ಏಳುತ್ತದೆ. ಹರ್ಷದ ಸರಿಪಡಿಸಿ ‘ಮುಗಿಯಿತು’ ಎಂದು ಒತ್ತಬೇಕು. ಚುಕ್ಕೆಗಳೆಲ್ಲ ಅಳಿದು, ಕೆಲಸ ಕೊಟ್ಟವರಲ್ಲಿ ಹಿರಿಯರಾದವರು ‘ಒಪ್ಪಿಗೆ’ ಎಂಬ ಹಸಿರು ಗುಂಡಿ ಒತ್ತಿದ ಮೇಲೆಯೇ ಕೊನೆಯ ಪ್ರತಿ ಕೈಗೆ ಸಿಗುತ್ತದೆ.

ಈ ಸಲದ ಕೆಲಸ ಮಾತ್ರ ವ್ಯಾಪಾರದ್ದಲ್ಲ. ಜಯಪಾಲ ಅಣ್ಣಾ ಅಂದರೆ ಭಕ್ತಿಯ ಅಜ್ಜ. ಭಕ್ತಿಯನ್ನು ಹರ್ಷದನಿಗೆ ಕೊಡಬೇಕೆಂದು ಮನೆಯಲ್ಲಿ ಮೊದಲು ಮಾತೆತ್ತಿದವರೇ ಅವರು. ಒಂದು ದಿನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು, “ನಮ್ಮ ಹುಡುಗಿ ಸ್ವಲ್ಪ ಸಿಟ್ಟಿನಾಕಿ ಅದಾಳಪಾ. ನೀ ಸಮಾಧಾನಿ ಕಾಣ್ತಿ, ನಡೀತೈತಿ” ಎಂದು ನಕ್ಕಿದ್ದರು. ಅದಾಗಿ ಕೆಲವೇ ದಿನಕ್ಕೆ ನಿದ್ದೆಯಲ್ಲೇ ಹೋಗಿಬಿಟ್ಟರು. ಹರ್ಷದ ಅಂದು ಶಟರ್ ಎಳೆದುಕೊಂಡು ಒಬ್ಬನೇ ಕೂತು ಅತ್ತಿದ್ದ. ಅವನಿಗೆ ಆ ಮುದುಕನೆಂದರೆ ನಿಜಕ್ಕೂ ಜೀವ.

ಈಗ ಮನೆಗೆ ಹಿರಿಯರು ಅಣ್ಣಾ ಅವರ ತಮ್ಮ, ಭಾವುಸಾಹೇಬರು. ಅದೇ ಮೂಗು, ಅದೇ ಮೀಸೆ, ಅದೇ ಬಿಳಿ ಟೋಪಿ, ಗುಣ ಮಾತ್ರ ಬೇರೆ. ಯಾವುದಕ್ಕೂ ಒಂದೇ ಸಲಕ್ಕೆ ಹೂಂ ಅಂದವರಲ್ಲ. ಚಹಾ ಕೊಟ್ಟರೂ ಒಮ್ಮೆ ಕಪ್ಪನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವವರು. ಲಗ್ನದ ಮಾತಿಗೆ “ನೋಡೂಣು” ಎಂದು ಹಾಗೇ ಇಟ್ಟಿದ್ದರು. ಶ್ರದ್ಧಾಂಜಲಿ ಸಭೆಯ ಪ್ರೆಸೆಂಟೇಶನ್‌ಗೆ ಅವರು ಒಮ್ಮೆ ಹಸಿರು ಗುಂಡಿ ಒತ್ತಿದರೆ, ಅದೇ ರೂಢಿಯಲ್ಲಿ ತನಗೂ ಒತ್ತಿಬಿಟ್ಟಾರು ಎಂಬುದು ಹರ್ಷದನ ಆಸೆ.

ಸಭೆ ರವಿವಾರ ಮಧ್ಯಾಹ್ನ, ಕೊಲ್ಲಾಪುರದಲ್ಲಿ. ಸೂರ್ಯ ಮುಳುಗುವ ಮೊದಲು ಊಟವಾಗಬೇಕಾದ ಜೈನ ಮನೆತನ, ತಡವಾಗುವಂತಿರಲಿಲ್ಲ. ಮುಂಜಾನೆ ಹರ್ಷದ ಭಕ್ತಿಯ ತಾಯಿ ರತ್ನಮಾಲಾ ಅವರಿಗೆ ಲಿಂಕ್ ಕಳಿಸಿದ. ಒಬ್ಬಳೇ ನೋಡಿದರೆ ಉಳಿದವರು ಏನೆಂದಾರು ಎಂದು ಆಕೆ ಅದನ್ನು ಇಡೀ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದರು.

ಮೊದಲ ಚುಕ್ಕೆ ನಾಂದಣಿಯಿಂದ ಬಂತು. ‘ಭಾವಪೂರ್ಣ ಶ್ರದ್ಧಾಂಜಲಿ.’ ಎರಡನೆಯದು ಮುರಗೂಡದಿಂದ. ‘ಭಾವಪೂರ್ಣ ಶ್ರದ್ಧಾಂಜಲಿ’, ಜೊತೆಗೆ ಮುಗಿದ ಕೈ. ಆಮೇಲೆ ಹಿಡಿಯುವವರಿಲ್ಲ. ನೋಡನೋಡುತ್ತಿದ್ದಂತೆ ಅಣ್ಣಾ ಅವರ ಮುಖದ ತುಂಬ ಸಿಡುಬು ಎದ್ದ ಹಾಗೆ ಕೆಂಪು ಚುಕ್ಕೆ. ಸಾಫ್ಟ್‌ವೇರಿಗೆ ದುಃಖ ಎಲ್ಲಿಂದ ತಿಳಿಯಬೇಕು? ಅದು ಪ್ರತಿಯೊಂದನ್ನೂ ತಿದ್ದುಪಡಿ ಎಂದೇ ಹಿಡಿದು ಕೆಲಸಕ್ಕೆ ಬೀಗ ಹಾಕಿ ಕೂತಿತು.

ಹರ್ಷದ ಒಂದೊಂದಕ್ಕೇ ‘ಮುಗಿಯಿತು’ ಎಂದು ಒತ್ತತೊಡಗಿದ. ಕೂಡಲೇ ರತ್ನಮಾಲಾ ಅವರ ಫೋನು.

“ಅಲ್ರೀ ಹರ್ಷದ, ನಾ ಮಾವಗ ಶ್ರದ್ಧಾಂಜಲಿ ಬರದ್ರ, ‘ನಿಮ್ಮ ತಪ್ಪನ್ನು ಹರ್ಷದ ಸರಿಪಡಿಸಿದ್ದಾರೆ’ ಅಂತ ಉತ್ತರ ಬಂದೈತಿ. ನಂದೇನು ತಪ್ಪರೀ?”

“ತಪ್ಪಿಲ್ರೀ ಮಾವಶಿ, ಅದು ಮಶೀನ ಹೇಳೂದು…”

ಆ ಮಾತು ಮುಗಿಯುವ ಮೊದಲೇ ಭಾವುಸಾಹೇಬರ ಫೋನು.

“ನನ್ನ ಅಣ್ಣಗ ನಾ ಕೈ ಮುಗಿದ್ರ ಅದನ್ನ ತಿದ್ದಾಂವ ನೀ ಯಾಂವ? ಮತ್ತ ಬರೀತೇನಿ. ಹೆಂಗ ಅಳಸ್ತಿ ನೋಡ್ತೇನಿ.”

ಅವರು ಮತ್ತೆ ಬರೆದರು. ಅವರು ಬರೆದರೆಂದು ಬಳಗವೆಲ್ಲ ಮತ್ತೊಮ್ಮೆ ಬರೆಯಿತು.

ಇದರ ನಡುವೆ ರತ್ನಮಾಲಾ ಅವರದೇ ಒಂದು ನಿಜವಾದ ತಿದ್ದುಪಡಿ: ‘ಮಾವ ಪಂಕ್ತಿಯೊಳಗ ಮಜ್ಜಿಗಿ ಬಡಿಸೂ ವಿಡಿಯೋ ಅರ್ಧಕ್ಕ ಕತ್ತರಿಸೀರಿ. ಪೂರ್ತಿ ಹಾಕ್ರಿ.’ ಹರ್ಷದ ಪೂರ್ತಿ ವಿಡಿಯೋ ಸೇರಿಸಿದ. ಅದರ ಸುತ್ತಲಿದ್ದ ಚಂದನದ ಹಾರ, ಕೆಳಗಿನ ದೀಪ, ‘ಅಮರ ರಹೇ’ ಎಂಬ ಅಕ್ಷರ, ಎಲ್ಲವನ್ನೂ ಕೊನೆಯತನಕ ಎಳೆದ. ಕೊನೆಯತನಕ ಏನಿದೆ ಎಂದು ನೋಡಲು ಪುರಸೊತ್ತಿರಲಿಲ್ಲ. ಹೊಸ ಪ್ರತಿ ಬಂದಿದೆಯೆಂದು ಎಲ್ಲರ ಫೋನು ಗಂಟೆ ಬಾರಿಸಿತು, ಎಲ್ಲರೂ ಹೊಸದಾಗಿ ಶ್ರದ್ಧಾಂಜಲಿ ಬರೆದರು.

ಭಕ್ತಿಯ ಫೋನು. “ಎಲ್ಲಿ ಅದೀರಿ? ಮಂದಿ ಬರಾಕತ್ತಾರ. ಭಾವು ಅಜ್ಜಾ ಬಾಗಲಾಗ ನಿಂತು ಘಡ್ಯಾಳ ನೋಡಾಕತ್ತಾರ.”

ಬೆವರು ಒರೆಸಿಕೊಳ್ಳುವಾಗ ಹರ್ಷದನ ಕಣ್ಣಿಗೆ ‘ಎಲ್ಲವೂ ಮುಗಿಯಿತು’ ಎಂಬ ಇನ್ನೊಂದು ಗುಂಡಿ ಬಿತ್ತು. ಒತ್ತಿಯೇಬಿಟ್ಟ. ಆ ರಾಶಿಯಲ್ಲಿ ಭಕ್ತಿಯ ದೊಡ್ಡಪ್ಪನ ಮಗಳು, ಗಡಹಿಂಗ್ಲಜದ ಪ್ರಣಾಲಿ ಬರೆದದ್ದೊಂದು ಶ್ರದ್ಧಾಂಜಲಿಯಾಗಿರಲಿಲ್ಲ. ಅದೂ ಉಳಿದವುಗಳ ಜೊತೆಗೆ ಹೋಯಿತು. ಮರುಗಳಿಗೆ ಪರದೆಯ ಮೇಲೆ ಹಸಿರು ಬೆಳಗಿತು: ‘ಭಾವುಸಾಹೇಬರು ಒಪ್ಪಿಗೆ ನೀಡಿದ್ದಾರೆ.’ ಒಂದೇ ಸಲಕ್ಕೆ! ಹರ್ಷದ ಗಾಡಿಗೆ ಕಿಕ್ ಹೊಡೆದದ್ದೇ, ದಾರಿಯುದ್ದಕ್ಕೂ ತನ್ನ ಲಗ್ನದ ಊಟದಲ್ಲಿ ಏನೇನು ಮಾಡಿಸಬೇಕೆಂದು ಯೋಚಿಸುತ್ತ ಕೊಲ್ಲಾಪುರ ಮುಟ್ಟಿದ.

ಸಭಾಗೃಹ ತುಂಬಿತ್ತು. ಣಮೋಕಾರ ಮಂತ್ರವಾಯಿತು. ದೀಪ ಆರಿಸಿದರು. ಪರದೆಯ ಮೇಲೆ ಅಣ್ಣಾ ಮಜ್ಜಿಗೆಯ ಕೊಳಗ ಹಿಡಿದು, ಸ್ವಲ್ಪ ಬಾಗಿ, ಪ್ರತಿ ಎಲೆಯ ಮುಂದೆ ನಿಂತು ಹೇಳುತ್ತಿದ್ದರು: “ಸಾವಕಾಶ ಉಣ್ರಿ. ಯಾತರ ಅವಸರ?” ಆ ದನಿ ಕೇಳಿದ್ದೇ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಅಷ್ಟರಲ್ಲಿ ಕ್ಯಾಮೆರಾ ಪಂಕ್ತಿಯ ಆಚೆ ತುದಿಗೆ ತಿರುಗಿತು. ಅಲ್ಲಿ ಬಿಳಿ ಟೋಪಿಯ ಭಾವುಸಾಹೇಬರು ಊಟಕ್ಕೆ ಕೂತಿದ್ದರು. ಕೊರಳ ಸುತ್ತ ಚಂದನದ ಹಾರ, ಎದುರಿಗೆ ಉರಿಯುವ ದೀಪ, ಕೆಳಗೆ ‘ಅಮರ ರಹೇ’. ಹಾರದೊಳಗಿಂದಲೇ ಅವರು ಗಟ್ಟಿಯಾಗಿ ಹೇಳಿದರು: “ಇನ್ನೊಂದು ಹೋಳಿಗಿ ಹಾಕ್ರಿ. ನಾ ಇಷ್ಟಕ್ಕ ಏಳಾಂವ ಅಲ್ಲ.”

ಮುಂದಿನ ಸಾಲಿನಲ್ಲಿ ಭಾವುಸಾಹೇಬರು ಕಣ್ಣೀರು ಒರೆಸಲು ಕನ್ನಡಕ ತೆಗೆದಿದ್ದರು. ಪರದೆಗೆ ಕೈಮುಗಿದು, “ಎಂಥಾ ಮನಶ್ಯಾ ಹೋದ!” ಎಂದರು.

“ಅಹೋ, ಹೋಗಿಲ್ರೀ!” ಪಕ್ಕದಲ್ಲಿದ್ದ ಅವರ ಹೆಂಡತಿ ಶಾಲನ ಅವರು ಗಂಡನ ತೋಳು ಜಗ್ಗಿದರು. “ಅದು ನೀವಽ!”

ಭಾವುಸಾಹೇಬರು ಕನ್ನಡಕ ಹಾಕಿಕೊಂಡರು. ತಮ್ಮ ಹೋಳಿಗೆ ತಾವೇ ಮುಗಿಸುವುದನ್ನು ಕೊನೆಯವರೆಗೆ ನೋಡಿದರು. ದೀಪ ಹತ್ತಿತು.

“ನಾ ಮುಂಜಾನೆನಽ ಬರದಿದ್ನಿ,” ಹಿಂದಿನಿಂದ ಪ್ರಣಾಲಿಯ ದನಿ. “‘ಭಾವು ಅಜ್ಜಗ ಹಾರ ಬಿದ್ದೈತಿ, ತಗೀರಿ’ ಅಂತ. ‘ಸರಿಪಡಿಸಲಾಗಿದೆ’ ಅಂತ ಉತ್ತರ ಬಂತು.”

“ಇದಕ್ಕ ಒಪ್ಪಿಗಿ ಕೊಟ್ಟಾಂವ ಯಾಂವ?” ಭಾವುಸಾಹೇಬರು ತಿರುಗಿದರು.

ಹರ್ಷದ ಮೂಲೆಯಿಂದ ಎದ್ದು ನಿಂತ. “ನೀವಽರಿ, ಭಾವುಸಾಹೇಬ್ರ.”

ಅವರು ಮತ್ತೆ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಮೆಲ್ಲಗೆ ಹೇಳಿದರು: “ಮೊದಲನೇ ಫೋಟೋದಾಗ ಅಣ್ಣಾ ಕಂಡ. ಕಣ್ಣಿಗೆ ನೀರು ಬಂದು ಮುಂದ ನೋಡಾಕ ಆಗ್ಲಿಲ್ಲ. ಹಸರ ಕಂಡಲ್ಲೆ ಒತ್ತಿದ್ನಿ.” ಯಾರೂ ನಗಲಿಲ್ಲ. ಹರ್ಷದನಿಗೆ ತನ್ನ ಲಗ್ನ ಇನ್ನು ಮುರಿದಂತೆಯೇ ಎಂಬುದಕ್ಕಿಂತ ಆ ಮಾತೇ ಹೆಚ್ಚು ನೋಯಿಸಿತು.

ಊಟವಾದ ಮೇಲೆ ಅವನಿಗೆ ಕರೆ ಬಂತು. ಕಾಲು ಹಿಡಿಯುವ ತಯಾರಿಯಲ್ಲೇ ಹೋದ. ಭಾವುಸಾಹೇಬರು ಅಡಿಕೆ ಕತ್ತರಿಸುತ್ತಿದ್ದರು.

“ಹಾರದಾಗ ನಾ ಛಲೋ ಕಾಣ್ತೇನಿ. ಹೌದಿಲ್ಲೋ?”

“ಹೌ… ಹೌದ್ರಿ.”

“ಪಾಪ, ಅಣ್ಣಾ ತನ್ನದನ್ನ ತಾ ನೋಡ್ಲಿಲ್ಲ. ನಂದು ಈಗಽ ಮಾಡಿಡು. ನಾನಽ ಕಣ್ಣಾರೆ ನೋಡಿ ತಪಾಸ ಮಾಡ್ತೇನಿ. ಇನ್ನ ಮ್ಯಾಲ ನೋಡದ ಒತ್ತಾಂವ ಅಲ್ಲ. ಅದಕ್ಕ ಒಪ್ಪಿಗಿ ಒತ್ತಿದ ದಿವಸ, ಲಗ್ನಕ್ಕೂ ಒಪ್ಪಿಗಿ.”

ಹರ್ಷದ ಕುಣಿಯುವುದೊಂದು ಬಾಕಿ. ಮರುದಿನ ಹಗಲೆಲ್ಲ ಕೂತು ಮಾಡಿ ಲಿಂಕ್ ಕಳಿಸಿದ. ಚುಕ್ಕೆಗಳು ಬರತೊಡಗಿದವು. ಟೋಪಿ ಸೊಟ್ಟ ಐತಿ. ಹಾರ ತೆಳ್ಳಗ ಆತು. ಅಳೂ ಮಂದಿಯೊಳಗ ಶಾಲನ ಕಾಣಸವಲ್ಲಳು. ಅವನು ಎಲ್ಲವನ್ನೂ ತಿದ್ದಿದ. ಕಡೆಗೆ ಒಂದೇ ಒಂದು ಚುಕ್ಕೆ ಉಳಿಯಿತು, ಕೊನೆಯ ಸ್ಲೈಡಿನಲ್ಲಿ. ಅಲ್ಲಿ ಹುಟ್ಟಿದ ತಾರೀಖಿನ ಪಕ್ಕ, ತೀರಿಕೊಂಡ ತಾರೀಖಿನ ಜಾಗದಲ್ಲಿ, ಹರ್ಷದ ಮರ್ಯಾದೆಗೆಂದು ಒಂದು ಖಾಲಿ ಚೌಕ ಬಿಟ್ಟಿದ್ದ. ಭಾವುಸಾಹೇಬರು ಅದರ ಮೇಲೆ ಬೆರಳಿಟ್ಟು ಬರೆದಿದ್ದರು: ‘ಇಲ್ಲಿ ತಾರೀಖ ಇಲ್ಲ. ಅರ್ಧಾ ಕೆಲಸಕ್ಕ ಒಪ್ಪಿಗಿ ಕೊಡೂದಿಲ್ಲ. ಇದು ತುಂಬಿದ ಮ್ಯಾಲ ಒತ್ತತೇನಿ.’

ಹರ್ಷದ ಭಕ್ತಿಗೆ ಫೋನು ಹಚ್ಚಿ ಅದನ್ನು ಓದಿ ಹೇಳಿದ.

“ಅದು ತುಂಬಿದ ಮ್ಯಾಲ ಒತ್ತಾವ್ರು ಯಾರರೀ?” ಎಂದಳು ಭಕ್ತಿ.

ಹರ್ಷದ ಮತ್ತೊಮ್ಮೆ ಆ ಖಾಲಿ ಚೌಕ ನೋಡಿದ. “ಆರೋಗ್ಯ ಹೆಂಗೈತಿ ಅವರ್ದು?” ಎಂದು ಕೇಳಿ, ಕೇಳಿದ್ದಕ್ಕೆ ತಾನೇ ನಾಚಿಕೊಂಡ.

“ಭಾಳ ಛಲೋ ಐತಿ. ಮುಂಜಾನೆ ರಂಕಾಳಾ ಕೆರಿ ಸುತ್ತ ಹಾಕಿ ಬಂದಾರ. ಈಗ ಕೂತು ಹೋಳಿಗಿ ತಿನ್ನಾಕತ್ತಾರ.”