ಐಸ್ ಸಮಾ ಇಲ್ಲ

ಮೊದಲೇ ಆಣೆ ಹಾಕಿಬಿಡುತ್ತೇನೆ: ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ಕಾರವಾರದ ಬಂದರಿನಲ್ಲಿ ಸೊಂಟದವರೆಗೆ ನೀರಿಗಿಳಿದು ಹೇಳುತ್ತೇನೆ. ನಾನು ಅಲ್ಲಿನ ಒಂದು ಐಸ್ ಫ್ಯಾಕ್ಟರಿಯಲ್ಲಿ ಬೋಟುಗಳಿಗೆ ಐಸ್ ಹಂಚುವ ಮೇಸ್ತ್ರಿ. ದಿನಾ ಅಂಕೋಲೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಾನು ರಜೆ ಹಾಕಿದ ದಿನ ಅರಬ್ಬಿ ಸಮುದ್ರದ ಮೀನುಗಳೇ ಬಲೆಗೆ ಬೀಳಲು ಹಿಂದೆಮುಂದೆ ನೋಡುತ್ತವೆ. ಇಂಥ ನನ್ನ ನೆತ್ತಿಗೆ ಸಿಟ್ಟೇರಿಸುವವರು ಒಂದೇ ಬಗೆಯ ಜನ: ಏನಾಗಿದೆ ಎಂದು ಕೇಳುವ ಮೊದಲೇ ಯಾಕಾಯಿತು ಎಂದು ಹೇಳುವವರು. ನಮ್ಮಲ್ಲಿ ಇದು ನಡೆಯುತ್ತಲೇ ಇರುತ್ತದೆ. ಆದರೆ ಮೊನ್ನೆ ನಡೆದದ್ದಕ್ಕೆ ನನ್ನ ಮೈಯ ಕಾವು ಇನ್ನೂ ಇಳಿದಿಲ್ಲ. ಆ ಕಾವಿಗೆ ಫ್ಯಾಕ್ಟರಿಯ ಐಸೆಲ್ಲ ಕರಗಬೇಕಿತ್ತು, ನಾನು ತಡೆದುಕೊಂಡೆ.

೧. ರೆಡಿ ಇದ್ದ ಕಾರಣಗಳು

ಒಂದು ಸೋಮವಾರ ನಮ್ಮ ಸಾಹುಕಾರರು ಕಾರಿನಿಂದ ಇಳಿಯುತ್ತಲೇ ಕೂಗಿದರು: "ಐಸ್ ಸಮಾ ಇಲ್ಲ! ಕಾರಣ ಹುಡುಕಿ! ಶನಿವಾರದೊಳಗೆ ಸಿಗದಿದ್ರೆ ಆಪರೇಟರ್ ಮನೆಗೆ!"

ಆಪರೇಟರ್ ಹಟ್ಟಿಕೇರಿಯವ. ಮಶೀನು ಬಂದ ದಿನದಿಂದ ಅದರ ಪಕ್ಕದಲ್ಲೇ ಇರುವವ. ಐಸ್ ಕೆಡಿಸಿದವ ಎಂಬ ಹೆಸರು ಒಮ್ಮೆ ಅಂಟಿದರೆ ಗೋವೆಯಿಂದ ಭಟ್ಕಳದವರೆಗೆ ಅವನನ್ನು ಯಾರೂ ಕೆಲಸಕ್ಕೆ ಸೇರಿಸುವುದಿಲ್ಲ. ಅವನ ಮುಖ ಅಲ್ಲೇ ಬಿಳುಚಿಕೊಂಡಿತು.

"ಸಮಾ ಇಲ್ಲ ಅಂದ್ರೆ ಎಂತಾ ಆಗಿದೆ ಸಾಹುಕಾರ್ರೇ?" ಎಂದೆ.

"ಪ್ರಶ್ನೆ ಬೇಡ ನಂಗೆ. ಉತ್ತರ ಬೇಕು!"

ಉತ್ತರಕ್ಕೇನು ಬರ? ಎಲೆಕ್ಟ್ರಿಶಿಯನ್ ವೋಲ್ಟೇಜ್ ಎಂದ. ಕ್ಯಾಷಿಯರ್ ಕೆಲಸಗಾರರ ಮೊಬೈಲ್ ಎಂದ. ವಾಚ್‌ಮನ್ ಬಾವಿಯ ನೀರು ಎಂದ. ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ಕಾರಣ ಎಷ್ಟೋ ದಿನದಿಂದ ರೆಡಿ ಇತ್ತು, ಅದಕ್ಕೊಂದು ಸಮಸ್ಯೆ ಸಿಗುವುದನ್ನೇ ಕಾಯುತ್ತಿದ್ದರು. ಕೊನೆಗೆ ದೃಷ್ಟಿಯಾಗಿದೆ ಎಂದು ತೀರ್ಮಾನವಾಗಿ ಐಸ್ ಟ್ಯಾಂಕಿನ ಮೇಲೆ ಒಂದು ಕುಂಬಳಕಾಯಿ ಕಟ್ಟಿದರು. ಬೆಳಿಗ್ಗೆ ನೋಡಿದರೆ ಅದು ಚಳಿಗೆ ಕಲ್ಲಾಗಿತ್ತು. ನಮ್ಮ ಮಶೀನು ಸಮಾ ಇದೆ ಎಂದು ಬಾಯಿಬಿಟ್ಟು ಹೇಳಿದ್ದು ಆ ಕುಂಬಳಕಾಯಿ ಒಂದೇ. ಅದರ ಮಾತು ಯಾರು ಕೇಳುತ್ತಾರೆ?

೨. ಬೋರ್ಡಿನ ಮೇಲಿನ ಮೀನು

ಮಂಗಳವಾರ ಹುಬ್ಬಳ್ಳಿಯಿಂದ ಒಬ್ಬ ಎಕ್ಸ್‌ಪರ್ಟ್ ಬಂದರು. ಬಿಳಿ ಬೋರ್ಡಿನ ಮೇಲೆ ಒಂದು ಉದ್ದ ಗೆರೆ, ಅದಕ್ಕೆ ಮೇಲೆ ಕೆಳಗೆ ಓರೆ ಗೆರೆಗಳನ್ನು ಎಳೆದು, "ಇದು ಮೀನಿನ ಮುಳ್ಳು. ಪ್ರತಿ ಮುಳ್ಳಿನ ಮೇಲೂ ಒಂದು ಕಾರಣ ಬರೀಬೇಕು" ಎಂದರು.

ಮೀನಿನ ಚಿತ್ರ ಬರೆಯಲು ಇವರಿಗೆ ಸಿಕ್ಕಿದ್ದು ಕಾರವಾರದ ಬಂದರು! ಐಸ್ ಮರೆತೇ ಹೋಯಿತು, ಇದು ಯಾವ ಮೀನು ಎಂಬ ಜಗಳ ಶುರುವಾಯಿತು.

"ಇದು ಇಶೋಣ."

"ನಿನ್ನ ತಲೆ! ಇಶೋಣಕ್ಕೆ ಇಷ್ಟು ಮುಳ್ಳಿರ್ತದನಾ? ಇದು ಪೇಡಿ."

"ಪೇಡಿ ಇಷ್ಟುದ್ದ ಇರ್ತದ ಮಾರಾಯಾ? ನಿನ್ನ ಹೆಂಡ್ತಿ ಎಂತಾ ತಂದು ಹಾಕ್ತಾಳೆ ನಿಂಗೆ?"

ಕೈಕೈ ಮಿಲಾಯಿಸುವ ಹೊತ್ತಿಗೆ ಆಪರೇಟರ್ ಎದ್ದು ನಿಂತ. "ಸಾರ್, ಇದರ ತಲೆ ಎಲ್ಲಿ?"

"ತಲೆಯಲ್ಲಿ ಸಮಸ್ಯೆ ಬರೀತಾರೆ. ಅದನ್ನ ಆಮೇಲೆ ನೋಡೋಣ" ಎಂದರು ಎಕ್ಸ್‌ಪರ್ಟ್.

"ಕಿವಿರು ಎತ್ತಿ ನೋಡ್ದೆ ನಮ್ಮೂರಲ್ಲಿ ಕುರುಡನೂ ಮೀನು ತಕಳೂದಿಲ್ಲ ಸಾರ್. ನೀವು ತಲೆನೇ ಇಲ್ಲದ್ದನ್ನ ನನ್ನ ಕೊರಳಿಗೆ ಕಟ್ತೀರಲ್ಲ!"

ಎಕ್ಸ್‌ಪರ್ಟ್ ಅದನ್ನೂ ಒಂದು ಮುಳ್ಳಿನ ಮೇಲೆ ಬರೆದುಕೊಂಡರು: 'ಆಪರೇಟರನ ಸಿಟ್ಟು.'

೩. ಮನೆಯಲ್ಲಿದ್ದೇ ಕೆಲಸ

ಬುಧವಾರ ಆಪರೇಟರನಿಗೆ ಕಡ್ಡಾಯ ರಜೆ. ಬದಲಿಗೆ ಬೇರೊಬ್ಬನನ್ನು ಕರೆಸಿದರು. ಅವನು ತೆಗೆದ ಮೊದಲ ಐಸ್ ಗಡ್ಡೆಯನ್ನು ನಾನೇ ಹೆಗಲ ಮೇಲೆ ಹೊತ್ತು, ಕನ್ನಡಿಯ ಹಾಗೆ ಸಾಹುಕಾರರ ಮುಂದೆ ಹಿಡಿದೆ. ಅದರಲ್ಲಿ ಅವರ ಮೀಸೆ ಕಾಣುತ್ತಿತ್ತು. ಅವರು ದೂರದಿಂದಲೇ ಮುಖ ಕಿವುಚಿದರು.

"ಇದೂ ಸಮಾ ಇರ್ಲಿಕ್ಕಿಲ್ಲ."

"ಹಾಗಾದ್ರೆ ತಪ್ಪು ಆಪರೇಟರಂದಲ್ಲ ಅಂತಾಯ್ತು, ಅಲ್ದಾ?" ಎಂದೆ.

"ಅಂವ ಎಷ್ಟು ಕೆಟ್ಟವ ನೋಡು! ರಜೆ ಮೇಲಿದ್ರೂ ಐಸ್ ಕೆಡಿಸ್ತಾನೆ!"

ಹಟ್ಟಿಕೇರಿಯ ಮನೆಯ ಜಗಲಿಯಲ್ಲಿ ಕೂತು ಕಾರವಾರದ ಐಸ್ ಕೆಡಿಸುವ ಕೆಲಸಗಾರ! ಅಂಥವನಿಗೆ ಸಂಬಳ ಏರಿಸಬೇಕೋ ಬೇಡವೋ, ನೀವೇ ಹೇಳಿ.

೪. ಟ್ಯಾಂಕ್ ತೊಳೆದದ್ದು

ಶುಕ್ರವಾರ, ಯಾವುದಕ್ಕೂ ಇರಲಿ ಎಂದು, ಟ್ಯಾಂಕಿನ ನೀರನ್ನೆಲ್ಲ ಚೆಲ್ಲಿ ತೊಳೆಸಿದರು. ಇಡೀ ದಿನ ಐಸ್ ಇಲ್ಲ. ಅಲ್ಲಿಯವರೆಗೆ ಒಂದು ಬೋಟಿನವನೂ ದೂರು ಹೇಳಿರಲಿಲ್ಲ. ಅವತ್ತು ಎಲ್ಲ ಬೋಟಿನವರೂ ಒಟ್ಟಿಗೆ ಗೇಟಿಗೆ ಬಂದು ನಮ್ಮ ಅಜ್ಜನ ಕಾಲದವರೆಗೂ ಬೈದರು. ಕನ್ನಡದಲ್ಲಿ ಸಾಲದ್ದನ್ನು ಕೊಂಕಣಿಯಲ್ಲಿ ತುಂಬಿಸಿದರು.

ಸಾಹುಕಾರರು ಕಿಟಕಿಯಿಂದ ನೋಡಿ ತಲೆದೂಗಿದರು: "ನೋಡಿದ್ರಾ, ಐಸಿನ ಸಮಸ್ಯೆ ಎಷ್ಟು ದೊಡ್ಡದು!"

೫. ಶನಿವಾರ

ಶನಿವಾರ ಸಂಜೆ ಆಪರೇಟರ್ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಬಂದ. ಕೈಯಲ್ಲಿ ಟಿಫಿನ್ ಡಬ್ಬಿ, ಮಶೀನಿನ ಕೋಣೆಯಲ್ಲಿ ಹಾಕಿಕೊಳ್ಳುತ್ತಿದ್ದ ಹಳೆಯ ಸ್ವೆಟರು. ನೇರ ಹೋಗಿ ಒಂದು ಗಡ್ಡೆ ಒಡೆದು, ಚೂರುಗಳನ್ನು ತಟ್ಟೆಯಲ್ಲಿ ಸಾಹುಕಾರರ ಮೇಜಿನ ಮೇಲಿಟ್ಟ.

"ಹೋಗ್ತೆ ಒಡೆಯಾ. ಆದ್ರೆ ಎಂತಕ್ಕೆ ಹೋಗ್ತೆ ಅಂತ ತಿಳ್ಕೊಂಡು ಹೋಗ್ತೆ. ಬಾಯಿಗೆ ಹಾಕಿ."

ಅವನ ಕಣ್ಣು ನೋಡಿ ಎಲ್ಲರೂ ಹಾಕಿಕೊಂಡೆವು. ಸಾಹುಕಾರರು, ಎಕ್ಸ್‌ಪರ್ಟ್, ಕ್ಯಾಷಿಯರ್, ನಾನು. ಕೋಣೆಯ ತುಂಬ ಕಟಕಟ ಸದ್ದು.

"ಎಂತಾ ಸಮಾ ಇಲ್ಲ? ಹೇಳಿ."

"ಇದು ಸಮಾನೇ ಇದೆ" ಎಂದರು ಸಾಹುಕಾರರು, ಒಂದು ಕೆನ್ನೆ ಉಬ್ಬಿಸಿಕೊಂಡು. "ಸಮಾ ಇಲ್ಲದ್ದು ನಮ್ಮನೇಲಿ."

"ನಿಮ್ಮನೇಲಿ?"

"ಮಗಳ ನಿಶ್ಚಿತಾರ್ಥ ಆಯ್ತಲ್ಲ, ಹೋದ ಭಾನುವಾರ. ಸ್ವಂತ ಫ್ಯಾಕ್ಟರಿ ಇರೋವಾಗ ಹೊರಗಿಂದ ಯಾಕೆ ಅಂತ ಇಲ್ಲಿಂದ್ಲೇ ಐಸ್ ಒಯ್ದೆ. ಶರಬತ್ತಿಗೆ ಹಾಕಿದ್ರೆ ರಾಮನಗುಳಿಯ ಬೀಗರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ರು. 'ಐಸ್ ಸ್ವಲ್ಪ ಸಮಾ ಇಲ್ಲ ಅನ್ಸ್ತದೆ' ಅಂದ್ರು. ಪಾಪ, ಮರ್ಯಾದಸ್ಥರು."

"ಲೋಟ ಇಡೋವಾಗ ಎಂತಾ ಮಾಡಿದ್ರು?" ಎಂದ ಆಪರೇಟರ್.

"ಮೂಗು ಮುಚ್ಕೊಂಡ್ರು."

ಕೋಣೆಯಲ್ಲಿ ಕಟಕಟ ನಿಂತಿತು. ಐಸಿಗೂ ಮೂಗಿಗೂ ಏನು ಸಂಬಂಧ?

"ಒಯ್ದದ್ದು ಹೇಗೆ?"

"ಹೇಗೆ ಅಂದ್ರೆ? ಕಾರಿನ ಡಿಕ್ಕಿಯಲ್ಲಿ. ಕ್ರೇಟಿನಲ್ಲಿಟ್ಟು."

"ಯಾವ ಕ್ರೇಟು?"

"ಅಲ್ಲೇ ಜೆಟ್ಟಿ ಮೇಲೆ ಬಿದ್ದಿತ್ತಲ್ಲ, ಬಂಗಡೆದು."

ಸಾಹುಕಾರರದ್ದು ಹುಟ್ಟಿದಾಗಿನಿಂದ ಮೀನಿನ ವ್ಯಾಪಾರದಲ್ಲೇ ಬೆಳೆದ ಮೂಗು. ಬಂಗಡೆಯ ವಾಸನೆ ಅದಕ್ಕೆ ಬರೀ ಗಾಳಿ. ಘಟ್ಟದ ಕಡೆಯ ಬೀಗರ ಮೂಗು ಹಾಗಲ್ಲವಲ್ಲ! ವೋಲ್ಟೇಜು, ಮೊಬೈಲು, ಬಾವಿ, ಕುಂಬಳಕಾಯಿ, ಹುಬ್ಬಳ್ಳಿ ಎಲ್ಲ ಸುತ್ತಿ ಬಂದು, ಒಬ್ಬನ ಅನ್ನಕ್ಕೆ ಕೈ ಹಾಕಿದ್ದು ಬಂಗಡೆ ಶರಬತ್ತಿಗಾಗಿ. ಸೋಮವಾರವೇ "ಶರಬತ್ತು ಮೀನು ನಾರಿತು" ಎಂದು ಬಾಯಿಬಿಟ್ಟಿದ್ದರೆ ಜೆಟ್ಟಿಯ ಬೆಕ್ಕು ಕೂಡ ಕಾರಣ ಹೇಳುತ್ತಿತ್ತು.

ಆಪರೇಟರ್ ಸ್ವೆಟರ್ ಹಾಕಿಕೊಂಡು ಮಶೀನಿನ ಕೋಣೆಗೆ ಹೋಗಿ ಬಾಗಿಲು ದಢಾರನೆ ಹಾಕಿಕೊಂಡ. ಸಾಹುಕಾರರು ಹಿಂದೆಯೇ ಓಡಿ, ಬಾಗಿಲು ತೆಗೆಸಿ, ಅವನ ಎರಡೂ ಕೈ ಹಿಡಿದು, "ತಪ್ಪು ನಂದೇ ಮಾರಾಯಾ, ಮನಸ್ಸಿಗೆ ಹಚ್ಕೊಬೇಡ" ಎಂದರು.

ಆಣೆ ಹಾಕಿದವ ನಾನು, ಹಾಗಾಗಿ ಒಂದು ಸಣ್ಣ ವಿಷಯ ಒಪ್ಪಿಕೊಂಡೇ ಏಳಬೇಕು. ಕುಂಬಳಕಾಯಿ ನಿಜ, ಎಕ್ಸ್‌ಪರ್ಟ್ ನಿಜ, ಬಂಗಡೆ ಶರಬತ್ತು ಅಂತೂ ನೂರಕ್ಕೆ ನೂರು ನಿಜ. ಸಾಹುಕಾರರು ಕೈ ಹಿಡಿದು ತಪ್ಪೊಪ್ಪಿಕೊಂಡರು ಎಂಬುದನ್ನು ಮಾತ್ರ ನಾನೇ ಸೇರಿಸಿದೆ. ನಿಜಕ್ಕೂ ಅವರು ಕುರ್ಚಿಯಿಂದ ಏಳಲೇ ಇಲ್ಲ. ಬಾಯಲ್ಲಿದ್ದ ಐಸನ್ನು ಕಟಕಟ ಅಗಿದು ನುಂಗಿ, ನಮ್ಮೆಲ್ಲರ ಕಡೆ ಹೆಮ್ಮೆಯಿಂದ ನೋಡಿ ಅಂದದ್ದು ಇಷ್ಟು: "ನಾ ಹೇಳ್ಲಿಲ್ವಾ? ಹುಡುಕಿದ್ರೆ ಕಾರಣ ಸಿಕ್ಕೇ ಸಿಗ್ತದೆ!"